ಗೋಡೆ ಎತ್ತುವಾಗ ಮಡಿಕೆ ಯಾಕೆ ಕುಸಿಯುತ್ತದೆ?

ಪ್ರಶ್ನೆ: ಚಕ್ರದ ಮೇಲೆ ಕುಂಬಾರಿಕೆ ಕಲಿಯುತ್ತಿದ್ದೇನೆ. ಮಣ್ಣು ನಡುವಿಗೆ ನಿಲ್ಲುತ್ತದೆ, ಬಾಯಿ ತೆರೆಯುವುದೂ ಬರುತ್ತದೆ. ಆದರೆ ಗೋಡೆ ನಾಲ್ಕೈದು ಇಂಚು ಏರುವಷ್ಟರಲ್ಲಿ ಸೊಂಟದ ಹತ್ತಿರ ತಿರುಚಿಕೊಂಡು ಕುಳಿತೇ ಬಿಡುತ್ತದೆ. ನಮ್ಮ ಕೆರೆ ಮಣ್ಣೇ ಸರಿಯಿಲ್ಲವೇ? (ಚಿಂತಾಮಣಿಯ ವಿದ್ಯಾರ್ಥಿನಿ)

ಉತ್ತರ: ಕೆರೆಯನ್ನು ದೂರುವ ಮೊದಲು ತಂತಿ ಕೈಗೆತ್ತಿಕೊಳ್ಳಿ. ಮುಂದಿನ ಸಲ ಗೋಡೆ ಕುಸಿಯುವುದಕ್ಕೆ ಮುಂಚೆಯೇ ಚಕ್ರ ನಿಲ್ಲಿಸಿ, ಪಾತ್ರೆಯನ್ನು ಬಾಯಿಂದ ತಳದವರೆಗೆ ನೇರವಾಗಿ ಎರಡು ಹೋಳು ಮಾಡಿ. ಕಲಿಯುವವರ ಹೋಳುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ತಳವೂ ಗೋಡೆಯೂ ಕೂಡುವ ಮೂಲೆಯಲ್ಲಿ ಹೆಬ್ಬೆರಳು ಗಾತ್ರದ ಮಣ್ಣು ಹಾಗೇ ಉಳಿದಿರುತ್ತದೆ. ಅದರ ಮೇಲೆ ಎರಡು ಇಂಚಿನಷ್ಟು ಎತ್ತರದಲ್ಲಿ ಗೋಡೆ ತೆಳ್ಳಗಾಗಿರುತ್ತದೆ. ಬಾಯಿಯ ಹತ್ತಿರ ಮತ್ತೆ ದಪ್ಪ. ಆ ತೆಳು ಸೊಂಟಕ್ಕೆ ಮೇಲಿನ ಭಾರ ಹೊರಲು ಆಗುವುದಿಲ್ಲ. ಕುಸಿದದ್ದು ಸೊಂಟವಾದರೂ ತಪ್ಪಾದದ್ದು ಮೂಲೆಯಲ್ಲಿ.

ಒಂದು ಲೆಕ್ಕ ನೋಡಿ. 1 ಕಿಲೋ ಹಸಿ ಮಣ್ಣಿನಲ್ಲಿ 10 ಸೆಂ.ಮೀ. ಅಗಲದ ನೇರ ಕೊಳವೆ ಎತ್ತಿ, ತಳ 8 ಮಿ.ಮೀ., ಗೋಡೆ ಎಲ್ಲೆಡೆ 6 ಮಿ.ಮೀ. ಇಟ್ಟರೆ ಎತ್ತರ ಸುಮಾರು 25 ಸೆಂ.ಮೀ. ಬರಬೇಕು. ಕೆಸರಾಗಿ ಹೋದದ್ದು, ಅಂಚು ಕತ್ತರಿಸಿದ್ದು ಕಳೆದರೂ 20ಕ್ಕೆ ಮೋಸವಿಲ್ಲ. ನಿಮ್ಮದು 12ಕ್ಕೇ ನಿಂತಿದ್ದರೆ ಅರ್ಧದಷ್ಟು ಮಣ್ಣು ಮೇಲೇರಲೇ ಇಲ್ಲ ಎಂದರ್ಥ.

ಹಾಗಾಗಿ ಮೊದಲ ಎಳೆತ ಶುರುವಾಗಬೇಕಾದದ್ದು ಚಕ್ರದ ಹಲಗೆಗೆ ಬೆರಳು ತಾಗುವ ಜಾಗದಿಂದ. ಬಲಗೈಯವರು ಚಕ್ರವನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿ, ಪಾತ್ರೆಯ ಬಲಬದಿಯಲ್ಲಿ ಕೈ ಇಡಬೇಕು. ಎಡಗೈ ಬೆರಳ ತುದಿ ಒಳಗೆ, ಬಲಗೈ ತೋರುಬೆರಳ ಗೆಣ್ಣು ಹೊರಗೆ. ಹೊರಗಿನ ಗೆಣ್ಣು ಒಳಗಿನ ತುದಿಗಿಂತ ಕೂದಲೆಳೆಯಷ್ಟು ಕೆಳಗಿರಲಿ. ಗೆಣ್ಣನ್ನು ಬುಡದಲ್ಲಿ ಒತ್ತಿದಾಗ ಅದರ ಮೇಲೆ ಮಣ್ಣಿನ ಸಣ್ಣ ಏಣೊಂದು ಉಬ್ಬುತ್ತದೆ. ಆ ಏಣನ್ನು ಬಾಯಿಯವರೆಗೆ ಕೊಂಡೊಯ್ಯುವುದೇ ನಿಮ್ಮ ಕೆಲಸ. ಏಣು ಕಾಣದಿದ್ದರೆ ನೀವು ಗೋಡೆಯನ್ನು ಬರೀ ಸವರುತ್ತಿದ್ದೀರಿ. ಮೇಲೆ ಹೋದಂತೆ ಒತ್ತಡ ಸಡಿಲಿಸುತ್ತಾ ಬನ್ನಿ, ಅಂಚಿನಲ್ಲಿ ಕೈಯನ್ನು ಮೆಲ್ಲಗೆ ಬಿಡಿ. ಥಟ್ಟನೆ ತೆಗೆದರೆ ಬಾಯಿ ಓರೆಯಾಗುತ್ತದೆ. ಮೊಣಕೈ ತೊಡೆಯ ಮೇಲೆ ಊರಿರಲಿ, ಗಾಳಿಯಲ್ಲಿ ತೇಲುವ ಕೈಗೆ ಸ್ಥಿರತೆ ಬರುವುದಿಲ್ಲ.

ವೇಗದ ವಿಷಯದಲ್ಲಿ ಆತುರ ಹೆಚ್ಚು. ನಡುವಿಗೆ ತರುವಾಗ ಚಕ್ರ ಜೋರಾಗಿ ಓಡಲಿ, ನಿಮಿಷಕ್ಕೆ 200 ಸುತ್ತಿನ ಆಸುಪಾಸು. ಗೋಡೆ ಎತ್ತುವಾಗ 80 ಸಾಕು. ಚಕ್ರ ಒಂದು ಸುತ್ತು ಮುಗಿಸುವಷ್ಟರಲ್ಲಿ ಕೈ ಬೆರಳಿನ ಅಗಲಕ್ಕಿಂತ, ಅಂದರೆ ಸುಮಾರು 1 ಸೆಂ.ಮೀ.ಗಿಂತ, ಹೆಚ್ಚು ಏರಬಾರದು. ಆ ಲೆಕ್ಕದಲ್ಲಿ 12 ಸೆಂ.ಮೀ. ಗೋಡೆಗೆ ಒಂಬತ್ತು ಸೆಕೆಂಡಾದರೂ ಬೇಕು. ಅವಸರಪಟ್ಟರೆ ದಪ್ಪ-ತೆಳು ಸುರುಳಿಯಾಗಿ ಸುತ್ತಿಕೊಳ್ಳುತ್ತದೆ, ಮುಂದಿನ ಎಳೆತದಲ್ಲಿ ತಿರುಚುವುದು ಆ ತೆಳು ಸಾಲಿನಲ್ಲೇ.

ತಿರುಚಲು ಇನ್ನೊಂದು ಕಾರಣ ಒಣಗಿದ ಬೆರಳು. ಚಕ್ರ ಬುಡವನ್ನು ಎಳೆದೊಯ್ಯುತ್ತಿರುತ್ತದೆ, ಬೆರಳು ಮೇಲ್ಭಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ; ನಡುವೆ ಓರೆ ಸುಕ್ಕು ಬೀಳುತ್ತದೆ. ಹಾಗೆಂದು ನೀರು ಸುರಿಯಬೇಡಿ. ಕೈಗೆ ಅಂಟಿದ ಕೆಸರೇ ನೀರಿಗಿಂತ ಒಳ್ಳೆಯ ಜಾರಿಕೆ. ಪ್ರತಿ ಎಳೆತದ ನಂತರ ಒಳಗೆ ನಿಂತ ನೀರನ್ನು ಕಡ್ಡಿಗೆ ಕಟ್ಟಿದ ಸ್ಪಂಜಿನಿಂದ ತೆಗೆಯಿರಿ, ಇಲ್ಲವಾದರೆ ಬುಡ ನೆನೆದು ಮೆತ್ತಗಾಗುತ್ತದೆ. ಮೂರು ಅಥವಾ ನಾಲ್ಕು ಎಳೆತಕ್ಕೆ ಮುಗಿಸಿ. ಹತ್ತು ಸಲ ಎಳೆದ ಗೋಡೆ ನೀರು ಕುಡಿದು ಸೋತಿರುತ್ತದೆ, ಅದಕ್ಕೆ ಉಪಚಾರವಿಲ್ಲ.

ತಿರುಗುವ ಮಣ್ಣು ಹೊರಕ್ಕೆ ಓಡಲು ನೋಡುತ್ತದೆ. ಅದಕ್ಕೇ ಬಾಯಿ ಕೊನೆಯವರೆಗೂ ಬುಡಕ್ಕಿಂತ ಕಿರಿದಾಗಿಯೇ ಇರಲಿ. ಅಗಲವಾದರೆ ಎರಡೂ ಕೈಯಿಂದ ಸುತ್ತ ಹಿಡಿದು ಒಳಕ್ಕೆ ತನ್ನಿ, ಅಂಚನ್ನು ಬೆರಳಿನಿಂದ ಒತ್ತಿ ಗಟ್ಟಿ ಮಾಡಿ.

ಈಗ ಮಣ್ಣು. ಕೆರೆಯಂಗಳದ ಜೇಡಿಯಲ್ಲಿ ಮರಳು, ಬೇರು, ಸುಣ್ಣದ ಹರಳು ಎಲ್ಲ ಇರುವುದುಂಟು. ಒಣಗಿಸಿ ಪುಡಿ ಮಾಡಿ, ನೀರಿನಲ್ಲಿ ನೆನೆಸಿ, ಸೊಳ್ಳೆ ಪರದೆಯಂಥ ಸಣ್ಣ ಜಾಲರಿಯಲ್ಲಿ ಸೋಸಿ. (ಸುಣ್ಣದ ಹರಳು ಉಳಿದರೆ ಸುಟ್ಟ ಮೇಲೆ ತೇವ ಹೀರಿ ಉಬ್ಬಿ, ಪಾತ್ರೆಯಿಂದ ಚಕ್ಕೆ ಎದ್ದು ಬರುತ್ತದೆ.) ಹದ ನೋಡಲು ಪೆನ್ಸಿಲ್ ದಪ್ಪದ ಬತ್ತಿ ಹೊಸೆದು ಬೆರಳಿಗೆ ಸುತ್ತಿ. ಬಿರುಕು ಬಿಟ್ಟರೆ ಒಣಗಿದೆ, ಇಲ್ಲವೇ ಮರಳು ಜಾಸ್ತಿ. ಬೆರಳಿಗೆ ಮೆತ್ತಿಕೊಂಡರೆ ನೀರು ಜಾಸ್ತಿ. ಸೋಸಿದ ಮಣ್ಣು ತೀರಾ ನಯವಾಗಿ ಗೋಡೆ ಜೋಲುತ್ತಿದ್ದರೆ ನೂರಕ್ಕೆ ಐದರಿಂದ ಹತ್ತು ಪಾಲು ಸಣ್ಣ ಮರಳು ಸೇರಿಸಿ. ಕೂರುವ ಮುಂಚೆ ಚೆನ್ನಾಗಿ ನಾದಿ. ಒಳಗೆ ಗಟ್ಟಿ ಗಂಟು ಅಥವಾ ಗಾಳಿ ಉಳಿದರೆ ಬೆರಳು ಅಲ್ಲೇ ಎಡವುತ್ತದೆ.

ಹಳ್ಳಿಯ ನೀರಿನ ಗಡಿಗೆಯ ತೆಳುಗೋಡೆ ನೋಡಿ ಎದೆಗುಂದುವವರೂ ಇದ್ದಾರೆ. ಅದು ಪೂರ್ತಿ ಚಕ್ರದ ಮೇಲೆ ಬಂದದ್ದಲ್ಲ. ದಪ್ಪಗೆ ಎತ್ತಿದ ಪಾತ್ರೆಯನ್ನು ಸ್ವಲ್ಪ ಆರಿಸಿ, ಒಳಗೆ ಗುಂಡುಕಲ್ಲು ಹಿಡಿದು ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ತೆಳ್ಳಗೆ ಮಾಡುತ್ತಾರೆ. ನಿಮ್ಮ ಮೊದಲ ಕೊಳವೆಗಳನ್ನು ಅದಕ್ಕೆ ಹೋಲಿಸುವುದು ನ್ಯಾಯವಲ್ಲ.

ಅಭ್ಯಾಸಕ್ಕೆ ತಕ್ಕಡಿಯಲ್ಲಿ ತೂಗಿ 1 ಕಿಲೋದ ಉಂಡೆಗಳನ್ನೇ ಕಟ್ಟಿಡಿ. ಎತ್ತಿದ ಪ್ರತಿ ಕೊಳವೆಯನ್ನೂ ಕತ್ತರಿಸಿ, ಬುಡ, ಸೊಂಟ, ಬಾಯಿ ಮೂರೂ ಕಡೆ ಸ್ಕೇಲ್ ಇಟ್ಟು ದಪ್ಪ ಅಳೆಯಿರಿ. ಚೆನ್ನಾಗಿ ಬಂತೆಂದು ಒಂದನ್ನೂ ಎತ್ತಿಡಬೇಡಿ. ಮೂರು ಅಳತೆಗಳ ನಡುವೆ 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿಲ್ಲದೆ ಎತ್ತರ 18 ಸೆಂ.ಮೀ. ಮುಟ್ಟುವುದು ರೂಢಿಯಾಗುವವರೆಗೆ 2 ಕಿಲೋ ಉಂಡೆಗೆ ಕೈ ಹಾಕಬೇಡಿ.