ಒಂದೇ ಕಾಯ್ದೆ, ಎರಡು ಬಗೆಯ ನೆಲ: ಮಿನ್ನೆಸೋಟದ ಬಸಿಗಾಲುವೆಗಳು

ಅಮೆರಿಕದ ಮಿನ್ನೆಸೋಟ ರಾಜ್ಯದ ವಾಯವ್ಯ ಮೂಲೆಯಲ್ಲಿ ರಸ್ತೆಗಳು ಮೈಲಿಗೊಂದರಂತೆ ಚೌಕ ಹಾಕಿಕೊಂಡು ಓಡುತ್ತವೆ. ಬಸಿಗಾಲುವೆಗಳೂ ಬಹುಮಟ್ಟಿಗೆ ಅವುಗಳ ಮಗ್ಗುಲಲ್ಲೇ ಇವೆ. ನೀರಿನ ವಾಟಕ್ಕಿಂತ ಸರ್ವೆ ಗೆರೆಗೇ ಇಲ್ಲಿ ಹೆಚ್ಚು ಬೆಲೆ ಸಿಕ್ಕಿದೆ.

ಇದು ಹಿಮಯುಗದ ಕೊನೆಗೆ ಬತ್ತಿದ ಅಗಾಸಿ ಸರೋವರದ ತಳ. ಜಿಗುಟು ಜೇಡಿಮಣ್ಣು, ಹಲಗೆಯಂಥ ಬಯಲು. ಫಾರ್ಗೋ ಪಟ್ಟಣದ ಆಸುಪಾಸಿನಲ್ಲಿ, ಈ ಬಯಲಿನ ನೀರು ಸೇರುವ ರೆಡ್ ನದಿಗೆ ಮೈಲಿಗೆ ಅರ್ಧ ಅಡಿ ವಾಟವೂ ಇಲ್ಲ. ಸಾಲದ್ದಕ್ಕೆ ನದಿ ಹರಿಯುವುದು ಉತ್ತರಕ್ಕೆ. ದಕ್ಷಿಣದಲ್ಲಿ ಹಿಮ ಕರಗಿ ನೀರು ಹೊರಟರೂ ಮುಂದೆ ನದಿ ಇನ್ನೂ ಹೆಪ್ಪುಗಟ್ಟಿರುತ್ತದೆ.

ಕೇಂದ್ರದ 1860ರ ಕಾಯ್ದೆಯಿಂದ ಜೌಗುನೆಲ ರಾಜ್ಯದ ಕೈಗೆ ಬಂತು. ಮುಂದೆ ಬಂದ ಕಾಲುವೆ ಕಾನೂನಿನ ಕ್ರಮ ಹೀಗೆ: ಜಮೀನಿನವರು ಅರ್ಜಿ ಹಾಕಬೇಕು, ಇಂಜಿನಿಯರ್ ಅಳತೆ ಮಾಡಬೇಕು, ಯಾವ ಜಮೀನಿಗೆ ಎಷ್ಟು ಲಾಭವೆಂದು 'ವ್ಯೂಯರ್'ಗಳು ಬರೆಯಬೇಕು. ಖರ್ಚು ಅದೇ ಲೆಕ್ಕದಲ್ಲಿ ಹಂಚಿಕೆ. ಕೌಂಟಿ (ಅಲ್ಲಿನ ಜಿಲ್ಲಾಡಳಿತ) ಬಾಂಡ್, ಅಂದರೆ ಸಾಲಪತ್ರ, ಮಾರಿ ಹಣ ತರುತ್ತಿತ್ತು, ಜಮೀನಿನವರು ಕಂತಿನಲ್ಲಿ ತೀರಿಸುತ್ತಿದ್ದರು.

ಜೇಡಿಮಣ್ಣಿನಲ್ಲಿ ಈ ಲೆಕ್ಕ ಕೂಡಿಬಂತು. ಗೋಧಿ, ಸಕ್ಕರೆ ಬೀಟ್ ಬೆಳೆದವು. ಪೂರ್ವಕ್ಕೆ, ರೆಡ್ ಲೇಕ್ ಸುತ್ತ, ಕೊಳೆತ ಪಾಚಿ-ಹುಲ್ಲಿನ ಪೀಟ್ ನೆಲದಲ್ಲಿ ಅದು ಮಗುಚಿಬಿತ್ತು. 1908ರ ವೋಲ್‌ಸ್ಟೆಡ್ ಕಾಯ್ದೆ (ಮುಂದೆ ಮದ್ಯನಿಷೇಧ ಕಾಯ್ದೆಯಿಂದ ಹೆಸರಾದ ಸಂಸದ ವೋಲ್‌ಸ್ಟೆಡ್ ತಂದದ್ದು) ಕೇಂದ್ರದ ಜಮೀನಿನ ಮೇಲೂ ಕಾಲುವೆ ತೆರಿಗೆ ಹೇರಲು ದಾರಿ ತೆರೆಯಿತು; ಅಗೆತ ಜೋರಾಯಿತು. ಪೀಟ್ ಸ್ಪಂಜಿನಂತೆ ನೀರು ಹಿಡಿಯುವುದರಿಂದ ಕಾಲುವೆಯ ಅಂಚಿನ ಪಟ್ಟಿಯಷ್ಟೇ ಒಣಗುತ್ತದೆ. ಒಣಗಿದ್ದು ಕುಸಿಯುತ್ತದೆ, ಬೆಂಕಿ ತಗುಲಿದರೆ ನೆಲದೊಳಗೇ ಉರಿಯುತ್ತದೆ. ಬೆಳೆಯಿಲ್ಲದೆ ಕಂತು ನಿಂತಿತು, ಜಮೀನು ಮುಟ್ಟುಗೋಲಾಯಿತು. 1929ರಲ್ಲಿ ಬೆಲ್ಟ್ರಾಮಿ, ಕೂಚಿಚಿಂಗ್, ಲೇಕ್ ಆಫ್ ದ ವುಡ್ಸ್ ಕೌಂಟಿಗಳ ಕಾಲುವೆ ಸಾಲವನ್ನು ರಾಜ್ಯವೇ ಹೊತ್ತುಕೊಂಡಿತು. ಮಾರ್ಷಲ್ ಕೌಂಟಿಯಲ್ಲಿ ಬರಿದು ಮಾಡಿದ್ದ ಮಡ್ ಲೇಕ್ 1937ರಲ್ಲಿ ಹಕ್ಕಿಧಾಮವಾಯಿತು. ತೋಡಿ ಹರಿಸಿದ್ದ ನೀರನ್ನೇ ಏರಿ ಹಾಕಿ ಮತ್ತೆ ನಿಲ್ಲಿಸಿದರು!

ಜೇಡಿಯ ಕಾಲುವೆಗಳ ಕಾಟ ಬೇರೆ. ವಾಟ ಕಮ್ಮಿಯಾದ್ದರಿಂದ ಹೂಳು ಬೇಗ ಕೂರುತ್ತದೆ, ಅದರಲ್ಲಿ ಜೊಂಡು ಬೇರುಬಿಡುತ್ತದೆ, ಪಕ್ಕದ ಇಳಿಜಾರು ಕಡಿದಾಗಿದ್ದರೆ ಮಣ್ಣು ಜಾರುತ್ತದೆ. ವಸಂತದಲ್ಲಿ ಮೋರಿಗಳ ಬಾಯಿಗೆ ಮಂಜುಗಡ್ಡೆ. ದಂಡೆಗುಂಟ 16.5 ಅಡಿ ಹುಲ್ಲುಪಟ್ಟಿ ಬಿಡಬೇಕೆಂಬ ನಿಯಮವನ್ನು 2015ರ ಕಾನೂನು ಎಲ್ಲ ಸಾರ್ವಜನಿಕ ಬಸಿಗಾಲುವೆಗಳಿಗೂ ಅನ್ವಯಿಸಿತು.

1990ರ ದಶಕದಲ್ಲಿ ಮಳೆ ಹೆಚ್ಚಾದ ಮೇಲೆ ಮಣ್ಣಿನೊಳಗಿನ ನೀರನ್ನು ಬಸಿದು ಕಾಲುವೆಗೆ ಒಯ್ಯಲು ಹೊಲದಡಿಗೆ ರಂಧ್ರವಿರುವ ಪ್ಲಾಸ್ಟಿಕ್ ಪೈಪುಗಳು ಬಂದವು: 4 ಇಂಚು ವ್ಯಾಸ, 3ರಿಂದ 4 ಅಡಿ ಆಳ, ನೂರು ಅಡಿಗೆ ಒಂದೂಕಾಲು ಇಂಚಿನಷ್ಟು ವಾಟ. ಹಳೆಯ ಕಾಲುವೆಗಳನ್ನು ಮೇಲ್ನೀರಿಗೆಂದು ತೋಡಿದ್ದರಿಂದ ಅಷ್ಟು ಆಳವಿಲ್ಲದ ಕಡೆ ಪೈಪಿನ ಬಾಯಿ ಕಾಲುವೆಯ ತಳಕ್ಕಿಂತ ಕೆಳಗಾಗುತ್ತದೆ. ಅಲ್ಲಿ ಹೊಲದ ಮೂಲೆಯಲ್ಲೊಂದು ಗುಂಡಿ, ಅದರೊಳಗೊಂದು ಕರೆಂಟಿನ ಪಂಪು. ನೀರನ್ನು ಮೇಲೆತ್ತಿ ಕಾಲುವೆಗೆ ಸುರಿಯುತ್ತದೆ.