ಹೆಬ್ಬಲಸನ್ನು ಕೊಡಲಿಗೆ ಒಪ್ಪಿಸುವ ಮುನ್ನ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ತೋಟ ನೋಡಲು ಹೋದಾಗ, ಹಲಸಿನ ಕುಲದ ಕಾಡುಮರವಾದ ಹೆಬ್ಬಲಸಿನ ಬಗ್ಗೆ ಕೃಷಿಕರು ನನ್ನಲ್ಲಿ ಹೆಚ್ಚಾಗಿ ಕೇಳುವುದು ಮರ ಕಡಿಯುವಷ್ಟು ಬಲಿತಿದೆಯೇ ಎಂಬ ಒಂದೇ ಪ್ರಶ್ನೆಯನ್ನು. ಕೇಳುವುದು ಸಹಜವೂ ಹೌದು. ಪಶ್ಚಿಮ ಘಟ್ಟದ ಮಳೆಕಾಡುಗಳಿಗೆ ಸೇರಿದ, 30 ಮೀಟರಿಗೂ ಎತ್ತರಕ್ಕೆ ನೆಟ್ಟಗೆ ಬೆಳೆಯಬಲ್ಲ ಈ ಮರದ ಚೇಗು ಗೆದ್ದಲನ್ನೂ ಉಪ್ಪುನೀರನ್ನೂ ತಾಳಿಕೊಳ್ಳುವುದರಿಂದ, ಕರಾವಳಿಯ ದೋಣಿಗಳಿಗೂ ಹಳೆಯ ಮನೆಗಳ ಬಾಗಿಲು, ಪಕ್ಕಾಸುಗಳಿಗೂ ಅದು ಒದಗುತ್ತ ಬಂದಿದೆ. 1980ರಲ್ಲಿ ಓಮಾನಿನ ಸೂರ್ ಪಟ್ಟಣದಲ್ಲಿ ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿದು ಕಟ್ಟಿದ, ಮರುವರ್ಷ ಚೀನಾ ತಲುಪಿದ ‘ಸೊಹಾರ್’ ಹಡಗಿಗೂ ಮಲಬಾರಿನ ಹೆಬ್ಬಲಸಿನ ಮರವನ್ನೇ ಒಯ್ದಿದ್ದರು.

ಆದರೆ ಮೋಪಿನ ಈ ಹೆಸರೇ ಹಣ್ಣಿಗೆ ಕುತ್ತಾಗಿದೆ. ವ್ಯಾಪಾರಿ ನೋಡುವುದು ನೆಟ್ಟಗಿನ ಕಾಂಡವನ್ನು. ಹಣ್ಣು ಹೇಗಿದೆ ಎಂಬುದು ಅವನಿಗೆ ಬೇಕಿಲ್ಲ. ಬೀಜದಿಂದ ಹುಟ್ಟುವ ಮರವಾದ್ದರಿಂದ ಒಂದರ ಹಣ್ಣು ಇನ್ನೊಂದರಂತಿರುವುದಿಲ್ಲ. ಕೆಲವು ಬರೀ ಹುಳಿ, ಕೆಲವುಗಳ ಕಿತ್ತಳೆ ಬಣ್ಣದ ಸೊಳೆ ಜೇನಿನಷ್ಟು ಸಿಹಿ. ಹಲಸಿನಂತೆ ಬೊಡ್ಡೆಯಲ್ಲಿ ಬಿಡದೆ ಗೆಲ್ಲುಗಳ ತುದಿಯಲ್ಲಿ ಬಿಡುವ ಈ ಹಣ್ಣನ್ನು ಹತ್ತಿ ಕೊಯ್ಯುವವರು ಕಡಿಮೆಯಾಗಿ, ಹೆಚ್ಚಿನದು ಮಂಗ, ಅಳಿಲು, ಬಾವಲಿಗಳ ಪಾಲಾಗುತ್ತಿದೆ. ಅವುಗಳ ಪಾಲು ನ್ಯಾಯವಾದುದೇ; ನಾವು ನಮ್ಮ ಪಾಲನ್ನು ಮರೆತದ್ದು ಮಾತ್ರ ನನಗೆ ಬೇಸರ ತರುತ್ತದೆ. ಸೊಳೆ ತಿಂದ ಮೇಲೆ ಬೀಜವನ್ನು ತೊಳೆದು ಒಣಗಿಸಿಟ್ಟು ಮಳೆಗಾಲದಲ್ಲಿ ಹುರಿದು ತಿನ್ನುತ್ತಿದ್ದರು. ಉದ್ದಕ್ಕೆ ತಿರಿಯಂತಿರುವ ಗಂಡು ಹೂಗೊಂಚಲು ಒಣಗಿ ಬಿದ್ದರೆ ಅದನ್ನು ಹೊತ್ತಿಸಿ ಸೊಳ್ಳೆ ಓಡಿಸುತ್ತಿದ್ದರು.

ಹುರಿಯಲು ಒಣಗಿಸಿದ ಬೀಜ ಬಿತ್ತನೆಗೆ ಬಾರದು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಈ ಬೀಜ ತೇವ ಕಳೆದುಕೊಂಡರೆ ಮೊಳೆಯುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಹಾಗಾಗಿ ಮುಂದಿನ ವರ್ಷಕ್ಕೆಂದು ತೆಗೆದಿಡುವಂತಿಲ್ಲ. ಹಣ್ಣಾಗುವ ಮೇ ತಿಂಗಳ ಸುಮಾರಿಗೆ ಮರಮರದ ಹಣ್ಣನ್ನು ತಿಂದು ನೋಡಿ, ರುಚಿಯಾದ, ಸೊಳೆ ದಪ್ಪವಿರುವ ಮರವನ್ನು ಗುರುತಿಸಿಕೊಳ್ಳಿ. ಅದರ ಬೀಜದ ಲೋಳೆಯನ್ನು ತೊಳೆದು, ನೆರಳಿನಲ್ಲಿಟ್ಟ, ಮಣ್ಣು ತುಂಬಿದ ತೊಟ್ಟೆ(ಚೀಲ)ಗಳಲ್ಲಿ ಕೆಲವೇ ದಿನಗಳೊಳಗೆ ಬಿತ್ತಿರಿ. ಗಿಡವನ್ನು ಅಡಿಕೆ ಸಾಲಿನ ನಡುವೆ ನೆಡಬೇಡಿ, ನೆರಳು ಹೆಚ್ಚಾದೀತು. ಗುಡ್ಡೆಯ ಬದಿ, ತೋಟದ ಗಡಿ ಅದಕ್ಕೆ ತಕ್ಕ ಜಾಗ. ಹಣದ ಅಡಚಣೆಯಿಂದ ಮರವನ್ನು ಮಾರಲೇಬೇಕಾಗಿ ಬಂದರೂ, ಹಣ್ಣಾಗುವವರೆಗೆ ಕಾದು, ಅದರ ಬೀಜ ಮೊಳೆತದ್ದನ್ನು ಕಂಡ ಮೇಲೆಯೇ ವ್ಯಾಪಾರಿಗೆ ಮಾತು ಕೊಡಿ.