ಅಮ್ಮನಿಗೆ ರುಮಟಾಯ್ಡ್ ಸಂಧಿವಾತ ಇದೆ, ನನಗೂ ಬಂದೇ ಬರುತ್ತದೆಯೇ?

ಪ್ರಶ್ನೆ: ಅಮ್ಮನ ಕೈಬೆರಳುಗಳು ಸೊಟ್ಟಗಾಗಿವೆ. ಇದು ರಕ್ತದಲ್ಲೇ ಬರುವ ಕಾಯಿಲೆಯಂತೆ. ನನ್ನ ಕೈಯೂ ಹಾಗೇ ಆಗುತ್ತದೆಯೇ?

ಉತ್ತರ: ಆಗಲೇಬೇಕೆಂದಿಲ್ಲ. ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ‘ರಕ್ತದಲ್ಲಿದ್ದರೆ ತಪ್ಪಿದ್ದಲ್ಲ’ ಎಂಬ ನಂಬಿಕೆ ಅಲುಗುತ್ತಿಲ್ಲ. ಇವತ್ತು ಅದರ ಬುಡವನ್ನೇ ಅಗೆಯೋಣ.

ತದ್ರೂಪಿ ಅವಳಿಗಳನ್ನು ತೆಗೆದುಕೊಳ್ಳಿ. ಇಬ್ಬರ ಜೀನ್‌ಗಳೂ ಒಂದೇ. ನಂಬಿಕೆ ನಿಜವಾಗಿದ್ದರೆ ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗೂ ಬರಬೇಕಿತ್ತು. ಹಾಗೆ ಇಬ್ಬರಿಗೂ ಬರುವುದು ನೂರು ಜೋಡಿಗಳಲ್ಲಿ ಸುಮಾರು 15ರಲ್ಲಿ ಮಾತ್ರ! ಮಿಕ್ಕ ಜೋಡಿಗಳಲ್ಲಿ ಅವವೇ ಜೀನ್‌ಗಳನ್ನು ಹೊತ್ತ ಇನ್ನೊಬ್ಬರಿಗೆ ಕಾಯಿಲೆ ಇಲ್ಲ. ನಿಮಗೆ ಅಮ್ಮನಿಂದ ಬಂದಿರುವುದಾದರೂ ಅರ್ಧ ಪಾಲು.

ಜೀನ್‌ಗೆ ಪಾತ್ರವೇ ಇಲ್ಲ ಎನ್ನುತ್ತಿಲ್ಲ. ಎಚ್‌ಎಲ್‌ಎ-ಡಿಆರ್‌ಬಿ1 ಎಂಬ ಜೀನ್ ತಯಾರಿಸುವ ಪ್ರೋಟೀನು, ಪ್ರೋಟೀನ್ ಚೂರುಗಳನ್ನು ರೋಗನಿರೋಧಕ ಕಣಗಳಿಗೆ ಎತ್ತಿ ತೋರಿಸುತ್ತದೆ; ಈ ಕಾಯಿಲೆಯಲ್ಲಿ ಅದೇ ಕಣಗಳು ನಮ್ಮದೇ ಕೀಲುಗಳ ಮೇಲೆ ಎರಗುತ್ತವೆ. ಈ ಜೀನಿನ ಅಪಾಯಕಾರಿ ರೂಪಗಳೆಲ್ಲ ಆ ಪ್ರೋಟೀನಿನ 70ರಿಂದ 74ನೇ ಸ್ಥಾನದವರೆಗೆ ಬಹುತೇಕ ಒಂದೇ ತೆರನಾದ ಅಮೈನೋ ಆಮ್ಲಗಳ (ಪ್ರೋಟೀನಿನ ಇಟ್ಟಿಗೆಗಳ) ಸಾಲನ್ನು ಹೊಂದಿವೆ ಎಂದು 1987ರಲ್ಲಿ ಗ್ರೆಗರ್ಸನ್ ಎಂಬ ಸಂಶೋಧಕ ಮತ್ತು ಸಂಗಡಿಗರು ತೋರಿಸಿದರು. ಗಮನಿಸಿ, ಈ ಸಾಲನ್ನು ಹೊತ್ತ ಬಹುಪಾಲು ಜನರಿಗೆ ಕಾಯಿಲೆ ಬರುವುದೇ ಇಲ್ಲ. ಆದರೆ ಜೊತೆಗೆ ಸಿಗರೇಟೂ ಸೇರಿದರೆ ಅಪಾಯ ಇನ್ನೂ ಹಲವು ಪಟ್ಟು ಏರುತ್ತದೆ. ಜೀನ್ ಬಿಡಲಾಗದು, ಸಿಗರೇಟು ಬಿಡಬಹುದು.

ಇಲ್ಲಿ ನೀವು ಕೇಳದ ಇನ್ನೊಂದು ಪ್ರಶ್ನೆಯೂ ಇದೆ, ನನಗೆ ಅದೇ ಹೆಚ್ಚು ಮುಖ್ಯ. ಕಾಯಿಲೆ ಬಂದ ಇಬ್ಬರಲ್ಲಿ ಒಬ್ಬರ ಕೀಲುಗಳಷ್ಟೇ ಬೇಗ ಹಾಳಾಗುವುದೇಕೆ? ಇಲ್ಲೂ ಅದೇ ಜೀನಿನ ಕೈವಾಡವಿದೆ: ಆ ಪ್ರೋಟೀನಿನ 11ನೇ ಸ್ಥಾನದಲ್ಲಿ ವ್ಯಾಲೀನ್ ಎಂಬ ಅಮೈನೋ ಆಮ್ಲ ಇದ್ದವರ ಎಕ್ಸ್‌ರೇಯಲ್ಲಿ ಮೂಳೆ ಸವೆತ ಹೆಚ್ಚು ಕಾಣುತ್ತದೆ. ಆದರೆ ಚಿಕಿತ್ಸೆ ಯಾವಾಗ ಶುರುವಾಯಿತು ಎಂಬುದೂ ಕೀಲಿನ ಗತಿಯನ್ನು ಬದಲಿಸುತ್ತದೆ. ಹಲವರಲ್ಲಿ ಮೊದಲ ಎರಡು ವರ್ಷಗಳಲ್ಲೇ ಸವೆತ ಶುರುವಾಗುತ್ತದೆ. ಮೆಥೋಟ್ರೆಕ್ಸೇಟ್‌ನಂಥ ಔಷಧ ಅದನ್ನು ನಿಧಾನಿಸಬಲ್ಲದು. ಆದರೆ ಒಮ್ಮೆ ಸವೆದ ಮೂಳೆ ಮೊದಲಿನಂತಾಗುವುದು ಅಪರೂಪ.

ಆದ್ದರಿಂದ ಜೀನ್ ಪರೀಕ್ಷೆಗೆ ಓಡಬೇಡಿ. ಬೆಳಿಗ್ಗೆ ಏಳುವಾಗ ಬೆರಳುಗಳು ಅರ್ಧ ಗಂಟೆಗೂ ಮೀರಿ ಬಿಗಿದಿದ್ದರೆ, ಬೆರಳ ಬುಡದ ಗೆಣ್ಣುಗಳು ವಾರಗಟ್ಟಲೆ ಊದಿದ್ದರೆ, ತಡಮಾಡದೆ ಸಂಧಿವಾತ ತಜ್ಞರನ್ನು ಕಾಣಿ. ಅಮ್ಮನಿಗೆ ಈ ಕಾಯಿಲೆ ಇರುವುದನ್ನು ಅವರಿಗೆ ಮೊದಲೇ ಹೇಳಿ.